ಘಟೋತ್ಕಚನ ಕವಚಕ್ಕೆ ರಬ್ಬರ್ ಹಾಲು

ಈ ಸಲ ವೈಟ್‌ಫೀಲ್ಡ್‌ನ ಕಾಮಿಕ್ ಕಾನ್‌ನಲ್ಲಿ, ಅಂದರೆ ಕಾಮಿಕ್ಸ್ ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ ಮೇಳದಲ್ಲಿ, ಎರಡು ದಿನ, ದಿನಕ್ಕೆ ಆರೇಳು ಗಂಟೆ ಕವಚ ತೊಟ್ಟು ತಿರುಗಿದೆ. ಮೊಣಕೈಯಲ್ಲಾಗಲಿ ಭುಜದಲ್ಲಾಗಲಿ ಬಣ್ಣ ಬಿರುಕು ಬಿಡಲಿಲ್ಲ. ಕವಚಕ್ಕೆ ರಬ್ಬರ್ ಮರದ ಹಾಲು ಹಚ್ಚಿದರೆ ಕೆಲಸ ಕೆಡುತ್ತದೆ ಎಂದು ವಾದಿಸಿದ್ದ ಗೆಳೆಯರೇ ತೋಳನ್ನು ಮಡಿಸಿ, ಬಿಡಿಸಿ ನೋಡಿದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವೇಷ ನನ್ನದೇ ಕಲ್ಪನೆ: ಯಂತ್ರಕವಚದ ಘಟೋತ್ಕಚ. ಯಕ್ಷಗಾನದ ಭುಜಕೀರ್ತಿ, ಎದೆಕಟ್ಟುಗಳ ಆಕಾರವನ್ನೇ ಇವಿಎ ಫೋಮ್‌ಗೆ, ಅಂದರೆ ಚಪ್ಪಲಿಗೆ ಬಳಸುವ ಹಗುರ ಸ್ಪಂಜಿನಂಥ ಹಾಳೆಗೆ, ಇಳಿಸಿದೆ. ಚಪ್ಪಲಿ ತಯಾರಕರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಹಾಳೆಗಳನ್ನು ಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ಕತ್ತರಿಸುವುದು, ಕಾಯಿಸುವುದು, ಅಂಟಿಸುವುದು ವೇಷ ಮಾಡುವವರಿಗೆ ಗೊತ್ತೇ ಇದೆ. ನನ್ನನ್ನು ಮೂರು ವರ್ಷ ಕಾಡಿದ್ದು ಲೇಪ, ಅಂದರೆ ಬಣ್ಣ ಬಿರುಕು ಬಿಡದಂತೆ ಫೋಮ್ ಮೇಲೆ ಬಳಿಯುವ ಪದರ.

ಮೊದಲ ವರ್ಷ ನೀರು ಬೆರೆಸಿದ ಮರದ ಅಂಟನ್ನು ಎಂಟು ಸಲ ಬಳಿದಿದ್ದೆ. ಪ್ರವೇಶದ ಸಾಲಿನಲ್ಲಿ ನಿಂತಿದ್ದಾಗಲೇ ಮೊಣಕೈ ಬಳಿ ಅದು ಹಪ್ಪಳದಂತೆ ಎದ್ದಿತು. ಮರುವರ್ಷ ಹೊರದೇಶದ ರಬ್ಬರ್ ಸ್ಪ್ರೇ ತರಿಸಿದೆ. ಡಬ್ಬಿಗೆ ಸಾವಿರದ ಮುನ್ನೂರೋ ನಾನೂರೋ, ನಾಲ್ಕು ಡಬ್ಬಿ ಮುಗಿದರೂ ಬೆನ್ನಿನ ಭಾಗ ಬಾಕಿ ಉಳಿಯಿತು.

ಆಗ ಸುಳ್ಯದ ಮಾವನ ರಬ್ಬರ್ ತೋಟ ನೆನಪಾಯಿತು. ಕ್ಯಾನಿನಲ್ಲಿ ತಂದ ಹಾಲು ಬೆಂಗಳೂರು ಮುಟ್ಟುವಷ್ಟರಲ್ಲಿ ಗಟ್ಟಿ ಮುದ್ದೆಯಾಗಿತ್ತು. ಮುಂದಿನ ಸಲ ಅಮೋನಿಯ ಹಾಕಿಸಿ ತಂದೆ. ಹಾಲು ಉಳಿಯಿತು, ಆದರೆ ಬಳಿದದ್ದು ಬಿಸಿಲಿಗೆ ಜಿಗುಟಾಯಿತು. "ಹಸಿ ಹಾಲು ಹಾಗೇ ಮಾರಾಯ, ಗಂಧಕದಲ್ಲಿ ಹದಮಾಡಿದ್ದು ಸಿಗುತ್ತದೆ, ಅದನ್ನು ತಾ" ಎಂದರು ಮಾವ. ಅದೇ ಸರಿಯಾದ ದಾರಿ. ಐದು ಕಿಲೋಗೆ ಸುಮಾರು ಸಾವಿರದ ಐನೂರು ಆಯಿತು, ಇನ್ನೂ ಒಂದು ಕಿಲೋ ಉಳಿದಿದೆ.

ತೆಳುವಾಗಿ ಐದು ಸಲ ಬಳಿಯಬೇಕು. ಹಚ್ಚಿದಾಗ ಹಾಲಿನ ಬಿಳಿ, ಒಣಗಿದಂತೆ ಜೇನಿನ ಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ. ಮೂಲೆಯಲ್ಲಿ ಉಗುರಿನಷ್ಟು ಬಿಳಿ ಉಳಿದಿದ್ದರೂ ಮುಂದಿನ ಲೇಪಕ್ಕೆ ಕೈ ಹಾಕಬಾರದು. ಬಣ್ಣವನ್ನು ಮೇಲೆ ಹಚ್ಚದೆ ಹಾಲಿನಲ್ಲೇ ಕಲಸಬೇಕು, ಗುಟ್ಟೆಲ್ಲ ಅಲ್ಲಿದೆ. ಒಣಗಿದಾಗ ಬಣ್ಣ ಗಾಢವಾಗುವುದರಿಂದ ಕಲಸುವಾಗ ಒಂದು ಛಾಯೆ ತಿಳಿಯಾಗಿರಲಿ. ಕೊನೆಗೆ ಒಂದಕ್ಕೊಂದು ಅಂಟದಂತೆ ಟಾಲ್ಕಮ್ ಪುಡಿ. ಕಿಟಕಿ ತೆರೆದಿಡಿ. ರಬ್ಬರ್ ಹಾಲು ಮೈಗೆ ಒಗ್ಗದವರು ಈ ದಾರಿ ಹಿಡಿಯಲೇಬೇಡಿ.

ಚಿನ್ನದ ಅಂಚಿಗೆ ಮಾತ್ರ ಎರಡು ತಿಂಗಳು ಹಾಳಾಯಿತು. ಅಂಗಡಿಯ 'ಚಿನ್ನದ ಪುಡಿ' ಅಸಲಿಗೆ ಹಿತ್ತಾಳೆ, ಅದರೊಳಗೆ ತಾಮ್ರ. ತಾಮ್ರ ರಬ್ಬರಿಗೆ ವಿಷ. ಕಿರೀಟದ ಅಂಚು ಕೆಲವೇ ವಾರಗಳಲ್ಲಿ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತಿತು. ಈಗ ಅಭ್ರಕದ ಪುಡಿ ಬಳಸುತ್ತೇನೆ. ಅದರ ಹೊಳಪು ಮಂಕಾಗದಂತೆ ಇನ್ನೊಂದು ವಸ್ತುವನ್ನೂ ಬೆರೆಸುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಅಡಿಕೆ ಹಾಳೆಯಲ್ಲೂ ಒಂದು ಭುಜಕವಚ ಮಾಡಿ ನೋಡಿದೆ. ನೆನೆಸಿ, ಮಡಕೆಯ ಮೇಲೆ ಬಿಗಿದು ಒಣಗಿಸಿದರೆ ಬಾಗು ಎಷ್ಟು ಚೆನ್ನಾಗಿ ಬರುತ್ತದೆ! ತೂಕವಂತೂ ಇಲ್ಲವೇ ಇಲ್ಲ. ಆದರೆ ನಾರಿನುದ್ದಕ್ಕೂ ಸೀಳಿತು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಆದರೂ ಬಿಟ್ಟಿಲ್ಲ. ಉಳಿದ ಒಂದು ಕಿಲೋ ಹಾಲನ್ನು ಅದರ ಎರಡೂ ಬದಿಗೆ ಬಳಿಯಲೆಂದೇ ಎತ್ತಿಟ್ಟಿದ್ದೇನೆ. ಹೊಸ ಹಾಳೆ ಮಾವನ ಮನೆಯಿಂದ ಮುಂದಿನ ವಾರ ಬರುತ್ತದೆ.