ಚೀನೀ ಅಕ್ಷರ ಬರೆಯೋಣ ಬನ್ನಿ: ನಾಲ್ಕು ಗೆರೆಯಲ್ಲಿ ಒಂದು ಮರ

ಕನ್ನಡದ ‘ಅ’ ಬರೆಯುವಾಗ ಪೆನ್ನು ಎತ್ತುವುದೇ ಇಲ್ಲ, ಅಲ್ವಾ? ಸುತ್ತಿಕೊಂಡು ಹೋಗಿ ಒಂದೇ ಉಸಿರಿಗೆ ಮುಗಿಸುತ್ತೇವೆ. ಹೀಗೆ ಪಳಗಿದ ಕೈಗೆ ಚೀನೀ ಬರಹ ಮೊದಮೊದಲು ಒಗ್ಗುವುದಿಲ್ಲ. ಅಲ್ಲಿ ಒಂದೊಂದು ಗೆರೆಗೂ ಪೆನ್ನು ಎತ್ತಿ ಇಡಬೇಕು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಕ್ರಮವಿದೆ.

ನೋಡಲು ಸರಿಯಾಗಿ ಕಂಡರೆ ಸಾಕಲ್ಲ, ಎಲ್ಲಿಂದ ಶುರು ಮಾಡಿದರೇನು ಎಂದು ಕಲಿಯುವ ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಬೇಗ ಬೇಗ ಬರೆಯುವಾಗ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಚೀನೀ ಕೂಡುಬರಹದಲ್ಲಿ ಆ ಕೊಂಡಿಗಳು ಬೀಳುವುದು ಗೆರೆಗಳ ಕ್ರಮದಂತೆಯೇ. ಕ್ರಮ ತಪ್ಪಿದರೆ ಕೊಂಡಿ ಇನ್ನೆಲ್ಲೋ ಬಿದ್ದು, ಓದುವವರಿಗೆ ಅಕ್ಷರವೇ ಸಿಗುವುದಿಲ್ಲ.

ಲೆಕ್ಕದ ಚೌಕುಳಿ ಪುಸ್ತಕ ತೆಗೆದುಕೊಳ್ಳಿ. ಎರಡು ಚೌಕ ಅಗಲ, ಎರಡು ಚೌಕ ಎತ್ತರಕ್ಕೆ ದಪ್ಪಗೆ ಅಂಚು ಎಳೆಯಿರಿ. ನಾಲ್ಕು ಕೋಣೆಯ ಒಂದು ಮನೆಯಾಯಿತು. ಚೀನಾದ ಶಾಲೆಮಕ್ಕಳು ಬರೆದು ಕಲಿಯುವುದೂ ಇಂಥ ಮನೆಗಳಲ್ಲೇ. ‘ತಿಯೆನ್’ ಅಕ್ಷರದ ಮನೆ ಎಂದೇ ಅದಕ್ಕೆ ಹೆಸರು. ತಿಯೆನ್ ಅಂದರೆ ಗದ್ದೆ. ಬದು ಹಾಕಿ ನಾಲ್ಕು ತಾಕು ಮಾಡಿದ ಹಾಗೇ ಇದೆ ಆ ಅಕ್ಷರ.

ಈಗ ಮರ. ಮರ, ಕಟ್ಟಿಗೆ ಎಂಬ ಅರ್ಥದ ಈ ಅಕ್ಷರ ‘ಮು’.

ಮೊದಲು ಅಡ್ಡಗೆರೆ, ಅದರ ಹೆಸರು ‘ಹಂಗ್’. ಮನೆಯ ನಡುಗೆರೆಗಿಂತ ಸ್ವಲ್ಪ ಮೇಲೆ, ಎಡದಿಂದ ಬಲಕ್ಕೆ ಎಳೆಯಿರಿ. ಬಲತುದಿ ಒಂಚೂರು ಮೇಲೇರಲಿ. ಆಮೇಲೆ ‘ಶು’, ಮೇಲಿಂದ ಕೆಳಕ್ಕೆ ನೆಟ್ಟಗೆ. ಇದು ಅಡ್ಡಗೆರೆಯನ್ನು ದಾಟಿ ಇಳಿಯಬೇಕು. ಕೆಳಗೆ ಕೊಕ್ಕೆ ಬೇಡ.

ಮೂರನೆಯದು ‘ಪಿಯೆ’. ಎರಡು ಗೆರೆ ಕೂಡಿದ ಜಾಗದಲ್ಲೇ ಪೆನ್ನು ಊರಿ, ಎಡಗಡೆ ಕೆಳಕ್ಕೆ ಬೀಸಿ. ತುದಿಗೆ ಬರುವಾಗ ಕೈ ಹಗುರಾಗಿ, ಗೆರೆ ತೆಳ್ಳಗಾಗುತ್ತಾ ಮುಗಿಯಲಿ. ಕೊನೆಯದು ‘ನಾ’. ಅದೇ ಜಾಗದಿಂದ ಬಲಗಡೆ ಕೆಳಕ್ಕೆ. ಇದರ ನಡೆ ಪಿಯೆಗೆ ಪೂರ್ತಿ ಉಲ್ಟಾ: ಹಗುರಾಗಿ ಹೊರಟು, ಇಳಿಯುತ್ತಾ ಒತ್ತು ಜಾಸ್ತಿ ಮಾಡಿ, ಪಾದದ ಹತ್ತಿರ ಒಂದು ಕ್ಷಣ ನಿಂತು, ಬಲಕ್ಕೆ ಮೆಲ್ಲಗೆ ಜಾರಿಸಿ ಎತ್ತಬೇಕು. ನನಗೆ ಜಾಸ್ತಿ ದಿನ ಹಿಡಿದದ್ದು ಈ ಒಂದು ಗೆರೆಗೇ. ಬ್ರಷ್‌ನಲ್ಲಿ ಒಮ್ಮೆ ಬರೆದು ನೋಡಿ, ಆ ನಿಲುಗಡೆ ಯಾಕೆ ಎಂದು ಕೈಗೇ ತಿಳಿಯುತ್ತದೆ.

ಮರದ ಬುಡಕ್ಕೆ ಇನ್ನೊಂದು ಪುಟ್ಟ ಅಡ್ಡಗೆರೆ ಎಳೆದರೆ ಅದು ‘ಬನ್’, ಅಂದರೆ ಬುಡ, ಬೇರು. ಎಷ್ಟು ಚೆಂದ, ಅಲ್ವಾ?

ಮುಚ್ಚಿದ ಅಕ್ಷರಗಳಿಗೆ ಇನ್ನೊಂದು ನಿಯಮವಿದೆ. ಗದ್ದೆಯನ್ನೇ ತೆಗೆದುಕೊಳ್ಳಿ. ಎಡಗೋಡೆ ಒಂದು ಗೆರೆ. ಮೇಲಂಚು ಮತ್ತು ಬಲಗೋಡೆ ಸೇರಿ ಒಂದೇ ಗೆರೆ, ಮೂಲೆಯಲ್ಲಿ ಪೆನ್ನು ಎತ್ತದೆ ತಿರುಗಿಸಬೇಕು. ಆಮೇಲೆ ಒಳಗಿನ ಅಡ್ಡ ಬದು, ಉದ್ದ ಬದು. ಕೆಳಗಿನ ಅಂಚು ಕಟ್ಟಕಡೆಗೆ. ಒಟ್ಟು 5 ಗೆರೆ. ‘ಮೊದಲು ಜನ ಒಳಗೆ ಬರಲಿ, ಆಮೇಲೆ ಬಾಗಿಲು ಹಾಕು’ ಎಂದು ಚೀನಾದ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುತ್ತಾರೆ.

ಜಪಾನಿನಲ್ಲಿ ಇದೇ ಗದ್ದೆಗೆ ಉದ್ದ ಬದು ಮೊದಲು, ಅಡ್ಡ ಬದು ಆಮೇಲೆ. ಚೀನಾದಲ್ಲಿ 8105 ಅಕ್ಷರಗಳ ಗೆರೆಕ್ರಮವನ್ನು ಗೊತ್ತುಮಾಡಿದ ನಿಯಮ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಯಾವ ಭಾಷೆ ಕಲಿಯುತ್ತೀರೋ ಆ ದೇಶದ ಕ್ರಮವನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಕಾಗದದ ಮೇಲೆ ಬರೆಯುವ ಮುಂಚೆ ಗಾಳಿಯಲ್ಲಿ ಬೆರಳಾಡಿಸಿ. ಹಂಗ್, ಶು, ಪಿಯೆ, ನಾ ಎಂದು ಬಾಯಿಬಿಟ್ಟು ಹೇಳುತ್ತಲೇ ಬರೆಯಿರಿ. ಚೀನಾದ ತರಗತಿಗಳಲ್ಲೂ ಮಕ್ಕಳು ಹೀಗೇ ಕಲಿಯುತ್ತಾರೆ. ಸುಮ್ನೆ ನೂರು ಸಲ ಗೀಚುವುದಕ್ಕಿಂತ ಹೀಗೆ ಹತ್ತು ಸಲ ಬರೆದರೆ ಕೈಗೆ ಬೇಗ ಹತ್ತುತ್ತದೆ.

ಒಂದು ಮರ ಬಂದ ಮೇಲೆ ಪಕ್ಕದಲ್ಲಿ ಇನ್ನೊಂದು ನೆಡಿ. ಅದು ‘ಲಿನ್’, ತೋಪು. ಎಡದ ಮರವನ್ನು ಪೂರ್ತಿ ಮುಗಿಸಿಯೇ ಬಲಕ್ಕೆ ಹೋಗಬೇಕು. ಎಡದ ಮರದ ನಾಲ್ಕನೇ ಗೆರೆ ಇಲ್ಲಿ ‘ನಾ’ ಅಲ್ಲ, ಗಿಡ್ಡನೆಯ ಚುಕ್ಕೆ, ‘ದಿಯೆನ್’. ಪಕ್ಕದ ಮರಕ್ಕೆ ಜಾಗ ಬೇಕಲ್ಲ, ಅದಕ್ಕೆ ಕಾಲು ಮಡಚಿಕೊಳ್ಳುತ್ತದೆ. ಮೂರು ಮರ ಸೇರಿದರೆ ‘ಸನ್’, ದಟ್ಟ ಕಾಡು. ಮೊದಲು ಮೇಲಿನದು, ಆಮೇಲೆ ಕೆಳಗಿನ ಎಡದ್ದು, ಕೊನೆಗೆ ಬಲದ್ದು, ಒಟ್ಟು 12 ಗೆರೆ. ಇಲ್ಲಿ ಕಾಲು ಮಡಚಬೇಕಾದದ್ದು ಕೆಳಗಿನ ಎಡದ ಮರ.