ಉದ್ದ ವಿಳಾಸ ಅಂಟಿಸಬೇಡಿ, ಪದಕ್ಕೇ ಲಿಂಕ್ ಕಟ್ಟಿ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗರಿಗೆ ನಾನು ಆಗಾಗ ಮೇಲ್‌ನಲ್ಲಿ ಲಿಂಕ್ ಕಳಿಸುತ್ತಿರುತ್ತೇನೆ. ಮೊನ್ನೆ ಕನ್ನಡ ವಿಕಿಪೀಡಿಯದ ಗದಗ ಪುಟದ ವಿಳಾಸ ಕಾಪಿ ಮಾಡಿ ಅಂಟಿಸಿದರೆ ಬರೀ ಪರ್ಸೆಂಟ್ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ರಾಶಿ! ಹಾಗೆ ಅಂಟಿಸಿದಾಗ ಕನ್ನಡದ ಒಂದು ಅಕ್ಷರ 9 ಚಿಹ್ನೆ ಆಗುತ್ತದೆ, ಅಂದರೆ 'ಗದಗ' ಅನ್ನೋ ಮೂರಕ್ಷರಕ್ಕೇ 27. ಕಾಗುಣಿತ, ಒತ್ತಕ್ಷರ ಇದ್ದರೆ ಇನ್ನೂ ಜಾಸ್ತಿ. ನೋಡಿದವರು ಏನೋ ವೈರಸ್ ಇರಬೇಕು ಅಂತ ಒತ್ತುವುದೇ ಇಲ್ಲ.

ಜಿಮೇಲ್ ಅಥವಾ ಗೂಗಲ್ ಡಾಕ್ಸ್ ಆದರೆ ಕಂಪ್ಯೂಟರಿನಲ್ಲಿ 'ಗದಗದ ಇತಿಹಾಸ' ಅಂತ ಟೈಪ್ ಮಾಡಿ, ಆ ಎರಡು ಪದ ಸೆಲೆಕ್ಟ್ ಮಾಡಿ, ಕಂಟ್ರೋಲ್ ಜೊತೆ ಕೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ವಿಳಾಸ ಅಂಟಿಸಿ ಎಂಟರ್ ಕೊಡಿ. ಅಷ್ಟೇ. ಪದ ನೀಲಿಯಾಗಿ ಕೆಳಗೆ ಗೆರೆ ಬೀಳುತ್ತದೆ.

ಸುಮ್ನೆ 'ಇಲ್ಲಿ ಒತ್ತಿ' ಅಂತ ಮಾತ್ರ ಬರೆಯಬೇಡಿ, ದಯವಿಟ್ಟು. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ (ಪರದೆ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್) ಲಿಂಕ್‌ಗಳನ್ನಷ್ಟೇ ಒಂದೊಂದಾಗಿ ಕೇಳುವಾಗ, ಐದು ಸಲ 'ಇಲ್ಲಿ ಒತ್ತಿ' ಅಂದರೆ ಯಾವುದು ಎಲ್ಲಿಗೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ವಾಟ್ಸಾಪ್‌ನಲ್ಲಿ ಹೀಗೆ ಪದಕ್ಕೆ ಲಿಂಕ್ ಕಟ್ಟಲು ಆಗುವುದಿಲ್ಲ, ಅಲ್ಲಿ ಪೂರ್ತಿ ವಿಳಾಸವನ್ನೇ ಹಾಕಿ. ಮಧ್ಯೆ ಒಂದು ಸ್ಪೇಸ್ ಬಿದ್ದರೂ ಲಿಂಕ್ ಅಲ್ಲಿಗೇ ತುಂಡಾಗುತ್ತದೆ.