ಸ್ಟೇಟಸ್ ನೋಡಿ ಗ್ರಾಮಸಭೆಗೆ ಬಂದ ಹುಡುಗರು

ಹೋದ ಸಲದ ಗ್ರಾಮಸಭೆಯಲ್ಲಿ ನಮ್ಮೂರಿನ ಸಮುದಾಯ ಭವನದ ಕುರ್ಚಿ ಸಾಲಲಿಲ್ಲ. ನೂರು ಜನ ಅಥವಾ ಗ್ರಾಮಸಭೆಯ ಸದಸ್ಯರ, ಅಂದರೆ ಮತದಾರರ, ಹತ್ತರಲ್ಲೊಂದು ಪಾಲು, ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಸಭೆ ನಡೆಸಲು ಬೇಕಾದ ಕೋರಂ. ಅಷ್ಟು ಮಂದಿಯನ್ನು ಸೇರಿಸಲಿಕ್ಕೂ ಮೊದಲೆಲ್ಲ ಸಹಿ ಪುಸ್ತಕ ಚಹಾದಂಗಡಿತನಕ ತಿರುಗಾಡುತ್ತಿತ್ತು. ಈ ಸಲ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಇಪ್ಪತ್ತೈದರೊಳಗಿನವರು. ‘ರೀಲ್ಸ್ ನೋಡೋ ಹುಡುಗರು ಸಭಾಕ್ಕ ಬರ್ತಾರೇನ್ರಿ’ ಅಂತ ನಕ್ಕಿದ್ದ ಹಿರಿಯರೊಬ್ಬರು ಹಿಂದೆ ನಿಂತೇ ಸಭೆ ಕೇಳಬೇಕಾಯಿತು. ಅದನ್ನು ನೋಡಿ ನನಗೆ ಬಹಳ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ.

ನಂದು ಸಿಂದಗಿ ತಾಲ್ಲೂಕಿನಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಪೊಲೀಸ್ ನೇಮಕಾತಿ ಅರ್ಜಿ ಅಂತ ಊರಿನ ಹುಡುಗರೆಲ್ಲ ಬಂದೇ ಬರುತ್ತಾರೆ. ಹಂಗಾಗಿ ಯಾರ ಕೈಯಲ್ಲಿ ಯಾವ ಫೋನ್, ಯಾರು ಏನು ನೋಡುತ್ತಾರೆ ಅಂತ ನನಗೆ ಗೊತ್ತು.

ಹುಡುಗರನ್ನು ಸಭೆಗೆ ತರಲು ಮಾಡಿ ಕೆಟ್ಟುಹೋದ ಪ್ರಯೋಗಗಳ ಲೆಕ್ಕ ಮೊದಲು. ‘ನಮ್ಮೂರು ನಮ್ಮ ಹಕ್ಕು’ ಅಂತ ವಾಟ್ಸಾಪ್ ಗುಂಪು ಮಾಡಿದೆ. ಶುಭೋದಯದ ಹೂವು ತುಂಬಿತು, ಚುನಾವಣೆ ಬಂದ ಕೂಡಲೇ ಎರಡು ಪಕ್ಷದವರ ಬೈದಾಟ, ಕೊನೆಗೆ ಅಡ್ಮಿನ್ ಒಬ್ಬನೇ ಬರೆಯೋ ಹಂಗ ಮಾಡಿದ ಮೇಲೆ ಗುಂಪೇ ಸತ್ತಿತು. ಮೊಬೈಲ್ ರೀಚಾರ್ಜ್ ಬಹುಮಾನ ಇಟ್ಟು ಪಂಚಾಯತ್ ರಾಜ್ ರಸಪ್ರಶ್ನೆ ಮಾಡಿದೆ. ನಾಲ್ಕು ಸಾವಿರದ ಹತ್ತಿರ ಹೋಯಿತು. 1993ರ ಕಾಯ್ದೆ ಬಾಯಿಪಾಠ ಮಾಡಿ ಗೆದ್ದವನು ಸಭೆಯ ದಿನ ಕ್ರಿಕೆಟ್ ಆಡಲು ಹೋದ. ಇನ್‌ಸ್ಟಾಗ್ರಾಮ್‌ನಲ್ಲಿ ದುಡ್ಡು ಕೊಟ್ಟು ಬೂಸ್ಟ್ ಮಾಡಿಸಿದ್ದು ಎರಡೂವರೆ ಸಾವಿರ ಇರಬೇಕು. ವ್ಯೂಸ್ ಭರ್ತಿ ಬಂದವು, ಎಲ್ಲಾ ಹುಬ್ಬಳ್ಳಿ, ಬೆಂಗಳೂರಿನವು. ನಮ್ಮೂರಿನ ಗಟಾರ ಅವರಿಗ್ಯಾಕೆ ಬೇಕು?

ಕೆಲಸ ಮಾಡಿದ್ದು ವಾಟ್ಸಾಪ್ ಸ್ಟೇಟಸ್. ಇ-ಗ್ರಾಮ ಸ್ವರಾಜ್ ತಾಣ 2020ರಿಂದ ಇದೆ, ಪಂಚಾಯಿತಿಯ ಯೋಜನೆ, ಪಾವತಿ ಅಲ್ಲಿ ಸಿಗುತ್ತವೆ, ನಿಮಗೆಲ್ಲ ಗೊತ್ತಿದ್ದದ್ದೇ. ಅದರಲ್ಲಿ ಒಂದು ಸಣ್ಣ ಕೆಲಸ ಆರಿಸುತ್ತೇನೆ, ಲಕ್ಷ ಎರಡು ಲಕ್ಷದೊಳಗಿನದು. ದೊಡ್ಡ ಮೊತ್ತಕ್ಕೆ ಕೈಹಾಕಿದರೆ ರಾಜಕೀಯ ಆಗುತ್ತದೆ. ಆ ಓಣಿಯ ಹುಡುಗನೇ ಜಾಗದಲ್ಲಿ ನಿಂತು ಕೆಲಸದ ಹೆಸರು, ಮೊತ್ತ, ಪಾವತಿ ತಾರೀಖು ಓದಬೇಕು. ಆಮೇಲೆ ಕ್ಯಾಮೆರಾ ಸುತ್ತ ತಿರುಗಿಸಬೇಕು. ಅಷ್ಟೇ. ಪ್ರಶ್ನೆ ಇಲ್ಲ, ಹಾಡು ಇಲ್ಲ, ಯಾವ ಮೆಂಬರ್ ಹೆಸರೂ ಇಲ್ಲ. ಕೊನೆಗೆ ಗ್ರಾಮಸಭೆಯ ದಿನ, ಹೊತ್ತು. ಎಲ್ಲಾ ಸೇರಿ 30 ಸೆಕೆಂಡು. ಮೈಕಿಗೆ ಎಂಟುನೂರೋ ಒಂಬತ್ತುನೂರೋ ಕೊಟ್ಟೆ, ಇಷ್ಟೇ ಬಂಡವಾಳ. ಸ್ಟೇಟಸ್ ಎಷ್ಟು ಗಂಟೆಗೆ ಇಡಬೇಕು, ಮೊದಲು ಯಾರ ಫೋನಿನಿಂದ ಇಡಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಾನು ಎಣಿಸದೇ ಇದ್ದದ್ದು ಗೋವಾ, ಪುಣೆಗೆ ದುಡಿಯಲು ಹೋದವರ ಕರಾಮತ್ತು. ಊರಲ್ಲಿರುವವರಿಗಿಂತ ಮೊದಲು ನೋಡಿದವರು ಅವರೇ. ನೋಡಿ ಮನೆಗೆ ಫೋನ್ ಹಚ್ಚಿದರು. ‘ಯವ್ವಾ, ನಮ್ಮ ಓಣ್ಯಾಗ ಗಟಾರ ಕಟ್ಟ್ಯಾರಂತಲ್ಲ, ಖರೇ ಏನ?’ ಅವ್ವ ಹೋಗಿ ನೋಡಿದಳು, ಸಭೆಗೆ ತಮ್ಮನನ್ನು ಕರಕೊಂಡು ಬಂದಳು. ನಮ್ಮ ಹುಡುಗರನ್ನು ಸಭೆಗೆ ತಂದಿದ್ದು ಬಹಳ ಮಟ್ಟಿಗೆ ಮಡಗಾಂವದಿಂದ ಬಂದ ಫೋನು. ಊರಿನವರೆಲ್ಲ ಊರಲ್ಲೇ ಇರುವ ಕಡೆ ಇದು ಇಷ್ಟು ನಡೆಯುತ್ತದೆ ಅಂತ ನನಗೆ ಅನಿಸುವುದಿಲ್ಲ.

ಹುಡುಗಿಯರ ಮುಖ ಬರೋದು ಬೇಡ ಅಂತ ಮನೆಯವರು ಪಟ್ಟು ಹಿಡಿದರು. ಸರಿ, ದನಿ ಮಾತ್ರ, ಕೈಯಲ್ಲಿ ಪ್ರಿಂಟು ಹಿಡಿದದ್ದು ಮಾತ್ರ. ಆ ವಿಡಿಯೋಗಳೇ ಹೆಚ್ಚು ಓಡಿದವು, ಯಾರ ದನಿ ಅಂತ ಗುರುತಿಸೋ ಆಟವೇ ಶುರುವಾಯಿತು. ನಡುವೆ ಏಐ ದನಿಯನ್ನೂ ನೋಡಿದೆ. ‘ಚರಂಡಿ ಕಾಮಗಾರಿಯನ್ನು ವೀಕ್ಷಿಸಿರಿ’ ಅಂತ ಸುದ್ದಿ ಓದುವವರ ಹಂಗ ಹೇಳಿತು. ನಕ್ಕು ನಕ್ಕು ಸಾಕಾಯಿತು, ಅಳಿಸಿದೆ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಊರಿಗೆ ಬರುತ್ತಾರಲ್ಲ, ಆಗ ಮತದಾರರ ಪಟ್ಟಿಗೆ ಹೆಸರು ಸೇರಿಸೋ ಅರ್ಜಿ, ನಮೂನೆ 6 ತುಂಬಿಸಿದೆ, ಒಂದು ನಲವತ್ತು ಆಗಿರಬೇಕು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು, ಹೀಗೆ ಹದಿನೆಂಟು ತುಂಬಿತಾ ಅಂತ ನೋಡೋ ನಾಲ್ಕು ಅರ್ಹತಾ ದಿನಾಂಕ ಇರೋದರಿಂದ ಹದಿನೇಳು ದಾಟಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು. ಆದರೆ ವೋಟರ್ ಕಾರ್ಡ್ ಫೋಟೋ ಸ್ಟೇಟಸ್‌ಗೆ ಇಟ್ಟವರಲ್ಲಿ ಸಭೆಯಲ್ಲಿ ಬಾಯಿ ತೆರೆದವರು ಒಬ್ಬಿಬ್ಬರು. ಉಲ್ಟಾ ನಡೆದದ್ದೇ ಹೆಚ್ಚು: ಗಟಾರದ ಬಗ್ಗೆ ಒಮ್ಮೆ ಎದ್ದು ಕೇಳಿದವನೇ ತಂಗಿಯ ಅರ್ಜಿ ಹಿಡಿದು ಅಂಗಡಿಗೆ ಬಂದ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಓ ಸಾಹೇಬರು ಮೊದಲು ಸಿಟ್ಟಾಗಿದ್ದರು. ಈಗ ಕೆಲಸ ಮುಗಿದ ಕೂಡಲೇ ‘ಇದನ್ನೂ ಒಂದು ವಿಡಿಯೋ ಮಾಡಿಸ್ರಿ’ ಅಂತ ಅವರೇ ಹೇಳಿ ಕಳಿಸುತ್ತಾರೆ. ನಡುವೆ ಏನಾಯಿತು ಅನ್ನೋದು ಅವರಿಗೂ ನನಗೂ ಬಿಟ್ಟದ್ದು.

ಮುಂದಿನದು ವಾರ್ಡ್ ಸಭೆ. ಅಲ್ಲಿ ಇಪ್ಪತ್ತು ಮಂದಿ ಸೇರಿದರೆ ಕೋರಂ ಆಯಿತು, ಒಂದು ಓಣಿಯ ಸ್ಟೇಟಸ್ ಸಾಕು. ನಿಮ್ಮೂರಲ್ಲಿ ಮಾಡುವವರು ಬಿಲ್ಲಿನ ಪ್ರಿಂಟು ತಗೊಂಡು ಅಂಗಡಿಗೆ ಬರ್ರಿ, ಯಾವುದು ಆರಿಸಬೇಕು ಅಂತ ಹೇಳುತ್ತೇನೆ. ಚಹಾದ ಖರ್ಚು ನಿಮ್ಮದು.